ಸ್ಟೀರಿಂಗ್ ಯಾರ ಕೈಯಲ್ಲಿ? ಅಗ್ರ ಸೆಡಾನ್‌ನ ಪರ್ಫಾರ್ಮೆನ್ಸ್ ಆವೃತ್ತಿಯನ್ನು ಗಿರಾಕಿಯ ಮುಂದಿಡುವ ಬಗೆ

ಕಲಬುರಗಿಯ ಗಂಜ್‌ನಲ್ಲಿ ಅಡತಿ ಅಂಗಡಿಯನ್ನೂ ಊರ ಹೊರಗೆ ದಾಲ್ ಮಿಲ್ಲನ್ನೂ ನಡೆಸುವ ಹಿರಿಯ ವ್ಯಾಪಾರಿಯೊಬ್ಬರ ಮನೆಗೆ ಮೊದಲ ಬಾರಿ ಇಂತಹ ಗಾಡಿಯ, ಅಂದರೆ ಕಂಪನಿಯ ಅತಿ ದುಬಾರಿ ಸೆಡಾನ್‌ನ ಹೆಚ್ಚು ಬಲದ ಆವೃತ್ತಿಯ, ಬ್ರೋಷರ್ ಹಿಡಿದುಕೊಂಡು ಹೋದಾಗ, ನಾನು ಎಂಜಿನ್ನಿನ ಬಗ್ಗೆಯೇ ಇಪ್ಪತ್ತು ನಿಮಿಷ ಮಾತನಾಡಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಚಹಾ ಮುಗಿಸಿ, ಕಪ್ಪನ್ನು ಬಸಿಯ ಮೇಲಿಟ್ಟು, "ಇಷ್ಟ್ ಜೋರ್ ಓಡೋ ಗಾಡ್ಯಾಗ ಹಿಂದ ಕುಂತೋರು ಏನ್ ಮಾಡ್ಬೇಕ್ರಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳು ಅವರು ಅದೇ ಕಂಪನಿಯ ಅದೇ ಸೆಡಾನ್‌ನ ಸಾಮಾನ್ಯ ಆವೃತ್ತಿಯನ್ನು ಕೊಂಡರು. ಅವರ ನಿರ್ಧಾರ ಸರಿಯಾಗಿಯೇ ಇತ್ತು. ತಪ್ಪಿದ್ದು ನಾನು ಆ ಗಾಡಿಗೆ ಕೊಟ್ಟ ಸ್ಥಾನದಲ್ಲಿ.

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳನ್ನು ನೋಡಿಕೊಳ್ಳುವ ಸೇಲ್ಸ್ ಪ್ರತಿನಿಧಿಗಳಿಗೆ, ದುಬಾರಿ ಸೆಕೆಂಡ್ ಹ್ಯಾಂಡ್ ಗಾಡಿಗಳ ವ್ಯವಹಾರ ಮಾಡುವವರಿಗೆ ಮತ್ತು ಶೋರೂಮುಗಳಿಗೆ ಜಾಹೀರಾತು ಬರೆದುಕೊಡುವ ಸ್ನೇಹಿತರಿಗೆ ಉಪಯೋಗವಾಗಲೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಪೊಸಿಷನಿಂಗ್ ಎಂಬ ಮಾತನ್ನು ನಾವು ದಿನವೂ ಬಳಸುತ್ತೇವೆ. ಗಿರಾಕಿಯ ಮನಸ್ಸಿನಲ್ಲಿ ಈಗಾಗಲೇ ಇರುವ ಗಾಡಿಗಳ ನಡುವೆ ನಮ್ಮ ಗಾಡಿ ಎಲ್ಲಿ ನಿಲ್ಲಬೇಕು, ಯಾವುದರ ಪಕ್ಕದಲ್ಲಿ ನಿಲ್ಲಬಾರದು ಎಂಬುದನ್ನು ನಾವೇ ಮೊದಲು ನಿರ್ಧರಿಸುವುದು ಎಂದಷ್ಟೇ ಅದರ ಅರ್ಥ.

ಮೊದಲ ಹಂತ: ಗಾಡಿಯ ಮನೆತನವನ್ನು ಹಾಳೆಯ ಮೇಲೆ ಬರೆದುಕೊಳ್ಳಿ

ಒಂದು ಬಿಳಿ ಹಾಳೆಯ ನಡುವೆ ಸಾಮಾನ್ಯ ಆವೃತ್ತಿಯ ಹೆಸರನ್ನು ಬರೆಯಿರಿ. ಮರ್ಸಿಡಿಸ್‌ನಲ್ಲಿ ಅದು ಎಸ್ ಕ್ಲಾಸ್, ಬಿಎಂಡಬ್ಲ್ಯುನಲ್ಲಿ 7 ಸೀರೀಸ್, ಆಡಿಯಲ್ಲಿ ಎ8. ಅದರ ಒಂದು ಬದಿಗೆ ಹಿಂದಿನ ಸೀಟಿನ ವೈಭವವನ್ನು ಇನ್ನಷ್ಟು ಹೆಚ್ಚಿಸಿದ ಆವೃತ್ತಿಯನ್ನು, ಇನ್ನೊಂದು ಬದಿಗೆ ಓಟವನ್ನು ಹೆಚ್ಚಿಸಿದ ಆವೃತ್ತಿಯನ್ನು ಬರೆಯಿರಿ. ಮರ್ಸಿಡಿಸ್‌ನ ಮಟ್ಟಿಗೆ ಮೊದಲನೆಯದು ಮೇಬ್ಯಾಕ್, ಎರಡನೆಯದು ಎಎಂಜಿ.

ಈ ಹಾಳೆಯನ್ನು ಬರೆದು ನೋಡಿದಾಗ ಕಣ್ಣಿಗೆ ಬೀಳುವ ಒಂದು ಸಂಗತಿಯ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೇಬ್ಯಾಕ್ ಎಸ್ 680ರಲ್ಲಿರುವ 6.0 ಲೀಟರ್‌ನ ವಿ12 (ಹನ್ನೆರಡು ಸಿಲಿಂಡರ್‌ನ) ಎಂಜಿನ್ 612 ಅಶ್ವಶಕ್ತಿಯನ್ನು ಕೊಡುತ್ತದೆ. ಎಎಂಜಿ ಎಸ್ 63 ಇ ಪರ್ಫಾರ್ಮೆನ್ಸ್‌ನಲ್ಲಿರುವ 4.0 ಲೀಟರ್‌ನ ವಿ8 ಎಂಜಿನ್, ಎಲೆಕ್ಟ್ರಿಕ್ ಮೋಟಾರಿನ ಸಹಾಯವಿಲ್ಲದೆ, ಕೊಡುವುದೂ 612 ಅಶ್ವಶಕ್ತಿಯನ್ನೇ. ಅಂಕಿ ಒಂದೇ, ಆದರೆ ಎರಡೂ ಗಾಡಿಗಳ ಸ್ವಭಾವಕ್ಕೆ ಸಂಬಂಧವೇ ಇಲ್ಲ. ಮೊದಲನೆಯದರಲ್ಲಿ ಆ ಬಲವೆಲ್ಲ ಹಿಂದೆ ಕುಳಿತವರಿಗೆ ಎಂಜಿನ್ ಇದೆಯೆಂಬ ಅರಿವೇ ಆಗದಂತೆ ಗಾಡಿಯನ್ನು ಮುಂದಕ್ಕೆ ಒಯ್ಯುವುದಕ್ಕಾಗಿ ಇದೆ. ಎರಡನೆಯದರಲ್ಲಿ ಹಿಂದಿನ ಅಕ್ಸೆಲ್ಲಿನ ಮೇಲೆ 190 ಅಶ್ವಶಕ್ತಿಯ ಮೋಟಾರನ್ನು ಸೇರಿಸಿ ಒಟ್ಟು 802 ಅಶ್ವಶಕ್ತಿ, 1,430 ನ್ಯೂಟನ್ ಮೀಟರ್ ಟಾರ್ಕ್ (ಚಕ್ರವನ್ನು ತಿರುಗಿಸುವ ಬಲ) ಪಡೆದು, ಸುಮಾರು 2.6 ಟನ್ ತೂಕದ ಗಾಡಿಯನ್ನು 3.3 ಸೆಕೆಂಡಿನಲ್ಲಿ 100 ಕಿ.ಮೀ. ವೇಗಕ್ಕೆ ತಲುಪಿಸುವುದಕ್ಕಾಗಿ ಇದೆ. ಆದ್ದರಿಂದ ಬಲ ಎಷ್ಟು ಎಂಬುದಕ್ಕಿಂತ ಆ ಬಲ ಯಾರಿಗಾಗಿ ಎಂಬುದೇ ಸ್ಥಾನವನ್ನು ನಿರ್ಧರಿಸುತ್ತದೆ. ಇದನ್ನು ಗಿರಾಕಿಗೆ ಹೇಳುವ ಮೊದಲು ನಾವು ನಂಬಬೇಕು.

ಕಂಪನಿಗಳು ಈ ವಿಷಯದಲ್ಲಿ ಎಷ್ಟು ಎಚ್ಚರ ವಹಿಸುತ್ತವೆ ಎಂಬುದನ್ನೂ ಗಮನಿಸಿ. ಬಿಎಂಡಬ್ಲ್ಯು ಎಂ3, ಎಂ5 ಗಾಡಿಗಳನ್ನು ಮಾಡಿದೆಯೇ ಹೊರತು ಎಂ7 ಎಂಬ ಗಾಡಿಯನ್ನು ಮಾರಾಟಕ್ಕೆ ತಂದಿಲ್ಲ; ಆಡಿ ಎಸ್8 ತಂದಿದೆ, ಆರ್‌ಎಸ್8 ತಂದಿಲ್ಲ. ತಮ್ಮ ಅತಿ ಉಗ್ರವಾದ ಬ್ಯಾಡ್ಜನ್ನು (ಬಿಎಂಡಬ್ಲ್ಯುನಲ್ಲಿ ಪೂರ್ಣ ಎಂ, ಆಡಿಯಲ್ಲಿ ಆರ್‌ಎಸ್) ಅಗ್ರ ಸೆಡಾನ್‌ಗೆ ಹಚ್ಚುವುದಕ್ಕೆ ಇವೆರಡೂ ಹಿಂದೆ ಸರಿದಿವೆ. 2016ರಲ್ಲಿ ಬಿಎಂಡಬ್ಲ್ಯು 6.6 ಲೀಟರ್‌ನ ವಿ12 ಎಂಜಿನ್ ಇರುವ ಎಂ760ಎಲ್‌ಐ ಗಾಡಿಯನ್ನು ತಂದಾಗ, ಅದೇ ಎಂಜಿನ್ನನ್ನಿಟ್ಟು, ಕ್ರೋಮ್ ಅಲಂಕಾರ ಮತ್ತು ಮೆಲುದನಿಯ ಸೈಲೆನ್ಸರ್ ಕೊಟ್ಟು, ಎಂ ಗುರುತುಗಳನ್ನು ತೆಗೆದು, ವಿ12 ಎಕ್ಸಲೆನ್ಸ್ ಎಂಬ ಇನ್ನೊಂದು ರೂಪವನ್ನೂ ಜೊತೆಗೇ ಇಟ್ಟಿತು. ಒಂದೇ ಯಂತ್ರಕ್ಕೆ ಎರಡು ಸ್ಥಾನಗಳನ್ನು ಕೊಟ್ಟ ಈ ಉದಾಹರಣೆಯನ್ನು ನಾನು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ.

ಎರಡನೆಯ ಹಂತ: ಯಾವ ದಿನ ಯಾವ ಸೀಟು ಎಂಬುದನ್ನು ಕೇಳಿ ತಿಳಿಯಿರಿ

ನಮ್ಮ ಭಾಗದಲ್ಲಿ ಮೂರು ಕೋಟಿಯ ಆಸುಪಾಸಿನ ಸೆಡಾನ್ ಕೊಳ್ಳಬಲ್ಲವರು ಯಾರೆಂಬುದು ನಮಗೆಲ್ಲ ಗೊತ್ತು. ದಾಲ್ ಮಿಲ್ಲಿನ ಮಾಲೀಕರು, ರಸ್ತೆ ಮತ್ತು ನೀರಾವರಿಯ ದೊಡ್ಡ ಗುತ್ತಿಗೆದಾರರು, ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳಿಗೆ ಲಾರಿಗಳನ್ನು ಓಡಿಸುವ ಟ್ರಾನ್ಸ್‌ಪೋರ್ಟ್ ಮಾಲೀಕರು, ಆಸ್ಪತ್ರೆ ಮತ್ತು ಕಾಲೇಜು ನಡೆಸುವ ಕುಟುಂಬಗಳು, ಹೈದರಾಬಾದಿನಲ್ಲಿ ಜಮೀನಿನ ವ್ಯವಹಾರ ಇಟ್ಟುಕೊಂಡ ಬೀದರ್‌ನವರು. ಆದರೆ ಉದ್ಯೋಗ ತಿಳಿದ ಮಾತ್ರಕ್ಕೆ ಗಿರಾಕಿ ತಿಳಿದಂತಾಗುವುದಿಲ್ಲ. ನಾನು ಕೇಳುವ ಪ್ರಶ್ನೆಗಳು ಬೇರೆ: ಸೋಮವಾರ ಮಿಲ್ಲಿಗೆ ಹೋಗುವಾಗ ಗಾಡಿ ಯಾರು ಓಡಿಸುತ್ತಾರೆ? ಹೈದರಾಬಾದಿಗೆ ಹೋಗುವಾಗ ಯಾರು? ಹಬ್ಬಕ್ಕೆ ಮನೆಮಂದಿಯೆಲ್ಲ ಹೊರಟರೆ ಯಾರು? ಈಗ ಮನೆಯಲ್ಲಿರುವ ಗಾಡಿಗಳಲ್ಲಿ ಮಾಲೀಕರು ತಾವೇ ಕೀಲಿ ಕೈಗೆ ತೆಗೆದುಕೊಳ್ಳುವುದು ಯಾವುದಕ್ಕೆ?

ಉತ್ತರಗಳು ಮೂರು ಬಗೆಯಲ್ಲಿ ಬರುತ್ತವೆ. ಎಲ್ಲ ದಿನವೂ ಡ್ರೈವರೇ ಓಡಿಸುತ್ತಾರೆ ಎನ್ನುವವರಿಗೆ ಪರ್ಫಾರ್ಮೆನ್ಸ್ ಆವೃತ್ತಿಯನ್ನು ತೋರಿಸಬೇಡಿ. ಅವರಿಗೆ ಸಾಮಾನ್ಯ ಆವೃತ್ತಿ ಅಥವಾ ಮೇಬ್ಯಾಕ್‌ನಂತಹ ಗಾಡಿಯೇ ಸರಿ. ಎಲ್ಲ ದಿನವೂ ತಾವೇ ಓಡಿಸುತ್ತಾರೆ, ಹಿಂದೆ ಯಾರೂ ಕೂರುವುದಿಲ್ಲ ಎನ್ನುವವರಿಗೆ ಕಡಿಮೆ ತೂಕದ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಹೆಚ್ಚು ಸಂತೋಷ ಕೊಡುತ್ತದೆ, ಮತ್ತು ಅದನ್ನು ಪ್ರಾಮಾಣಿಕವಾಗಿ ಹೇಳಿದವರ ಬಳಿಗೇ ಅವರು ಮತ್ತೆ ಬರುತ್ತಾರೆ. ಉಳಿದವರು ನಡುವಿನವರು: ವಾರದ ನಾಲ್ಕೈದು ದಿನ ಹಿಂದೆ ಕುಳಿತು ಫೋನಿನಲ್ಲಿ ತೊಗರಿಯ ಧಾರಣೆ ಮಾತನಾಡುತ್ತ ಹೋಗುವವರು, ಒಂದು ದಿನ ಬೆಳಗಿನ ಐದಕ್ಕೆ ಎದ್ದು ಡ್ರೈವರನ್ನು ಕರೆಯದೆ ತಾವೇ ಹುಮನಾಬಾದ್ ದಾರಿ ಹಿಡಿಯುವವರು. ಈ ಗಾಡಿ ಹುಟ್ಟಿರುವುದೇ ಅವರಿಗಾಗಿ.

ಇದು ಹೊಸ ಗಿರಾಕಿಯೂ ಅಲ್ಲ. 1968ರ ಮಾರ್ಚಿನಲ್ಲಿ ಜಿನೀವಾ ಪ್ರದರ್ಶನದಲ್ಲಿ ಮರ್ಸಿಡಿಸ್ 300 ಎಸ್‌ಇಎಲ್ 6.3 ಗಾಡಿಯನ್ನು ತೋರಿಸಿದಾಗ ಅದರ ಎದುರಿಗಿದ್ದದ್ದೂ ಇಂಥವರೇ. ಆ ಕಂಪನಿಯ 600 ಎಂಬ ಬೃಹತ್ ಲಿಮೋಸಿನ್‌ಗೆಂದು ಮಾಡಿದ 6.3 ಲೀಟರ್‌ನ ವಿ8 ಎಂಜಿನ್ನನ್ನು ಏರಿಕ್ ವ್ಯಾಕ್ಸನ್‌ಬರ್ಗರ್ ಎಂಬ ಎಂಜಿನಿಯರ್ ಸೆಡಾನ್‌ನೊಳಗೆ ಕೂರಿಸಿ ನೋಡಿದ ಪ್ರಯೋಗದಿಂದ ಅದು ಹುಟ್ಟಿತು. 250 ಅಶ್ವಶಕ್ತಿ, 6.5 ಸೆಕೆಂಡಿನಲ್ಲಿ 100, ಗಂಟೆಗೆ 220 ಕಿ.ಮೀ. ಗರಿಷ್ಠ ವೇಗ, ಆ ಕಾಲಕ್ಕೆ ಇವು ಸ್ಪೋರ್ಟ್ಸ್ ಕಾರುಗಳ ಅಂಕಿಗಳು. ಆದರೂ ಐದು ಜನ ಕುಳಿತುಕೊಳ್ಳುವ, ಏರ್ ಸಸ್ಪೆನ್ಷನ್ ಇರುವ, ಹೊರಗಿನಿಂದ ನೋಡಿದರೆ ಬಹುಮಟ್ಟಿಗೆ ಸಾಮಾನ್ಯವಾಗಿಯೇ ಕಾಣುವ ಗಾಡಿ ಅದು. ಒಟ್ಟು 6,526 ಗಾಡಿಗಳು ತಯಾರಾದವು. 1975ರಲ್ಲಿ ಅದರ ಸ್ಥಾನಕ್ಕೆ ಬಂದ 450 ಎಸ್‌ಇಎಲ್ 6.9ರಲ್ಲಿ 286 ಅಶ್ವಶಕ್ತಿಯ ಜೊತೆಗೆ, ಎಣ್ಣೆ ಮತ್ತು ಅನಿಲದ ಒತ್ತಡದಿಂದ ಕುಲುಕಾಟ ತಡೆಯುವ ಹೈಡ್ರೋನ್ಯುಮ್ಯಾಟಿಕ್ ಸಸ್ಪೆನ್ಷನ್ ಇತ್ತು. ಬಲ ಹೆಚ್ಚಿಸಿದಾಗಲೆಲ್ಲ ಹಿಂದಿನ ಸೀಟಿನ ಸುಖವನ್ನೂ ಕಾಯ್ದುಕೊಂಡದ್ದರಿಂದಲೇ ಈ ವರ್ಗ ಇಂದಿಗೂ ಉಳಿದಿದೆ.

ಮೂರನೆಯ ಹಂತ: ಗಾಡಿಯ ಸ್ಥಾನವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಈ ವಾಕ್ಯ ಗಿರಾಕಿಗೆ ಓದಿ ಹೇಳುವುದಕ್ಕಲ್ಲ, ನಿಮ್ಮ ಡೈರಿಗಾಗಿ. ಅದರಲ್ಲಿ ಯಾರಿಗೆ, ಯಾವ ಗಾಡಿಯ ಬದಲಿಗೆ, ಏನು ಸಿಗುತ್ತದೆ ಎಂಬ ಮೂರೂ ಇರಬೇಕು. ನಾನು ಬಳಸುವ ವಾಕ್ಯ ಹೀಗಿದೆ: "ವಾರವೆಲ್ಲ ಹಿಂದಿನ ಸೀಟಿನಲ್ಲಿ ಓಡಾಡುವ ಮಾಲೀಕರು, ತಾವೇ ಓಡಿಸಬೇಕೆನಿಸಿದ ದಿನ ಇನ್ನೊಂದು ಗಾಡಿ ಇಟ್ಟುಕೊಳ್ಳುವ ಬದಲು, ಇದೇ ಗಾಡಿಯ ಮುಂದಿನ ಬಾಗಿಲು ತೆರೆದರೆ ಸಾಕು." ಇದನ್ನು ಬರೆದುಕೊಂಡ ಮೇಲೆ ಜಾಹೀರಾತಿನ ಚಿತ್ರ, ಟೆಸ್ಟ್ ಡ್ರೈವಿನ ದಾರಿ, ಬೆಲೆಯ ಮಾತು ಎಲ್ಲವೂ ಅದಕ್ಕೆ ಹೊಂದುತ್ತವೆಯೇ ಎಂದು ಪರೀಕ್ಷಿಸಬಹುದು.

"ಭಾರತದ ಅತ್ಯಂತ ಶಕ್ತಿಶಾಲಿ ಸೆಡಾನ್" ಎಂಬಂತಹ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಮುಂದಿನ ವರ್ಷ ಇನ್ನೊಂದು ಕಂಪನಿ ಹತ್ತು ಅಶ್ವಶಕ್ತಿ ಹೆಚ್ಚು ಕೊಟ್ಟರೆ ಆ ಮಾತು ಸುಳ್ಳಾಗುತ್ತದೆ, ಮತ್ತು ಗಾಡಿ ಕೊಂಡವರು ತಮ್ಮದು ಹಳೆಯದಾಯಿತೆಂದು ನೊಂದುಕೊಳ್ಳುತ್ತಾರೆ.

ನಾಲ್ಕನೆಯ ಹಂತ: ಅಂಕಿಗಳಲ್ಲಿ ಆರಿಸಿಕೊಳ್ಳಿ

ಗರಿಷ್ಠ ವೇಗದ ಅಂಕಿಯನ್ನು ನಾನಾಗಿ ಎಂದೂ ಹೇಳುವುದಿಲ್ಲ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ 2018ರ ಕೇಂದ್ರ ಅಧಿಸೂಚನೆ ನಿಗದಿಪಡಿಸಿದ ಮಿತಿ ಗಂಟೆಗೆ 100 ಕಿ.ಮೀ.; ಕರ್ನಾಟಕದಲ್ಲಿ 130 ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ 2024ರಲ್ಲಿ ಪೊಲೀಸರು ಪ್ರಕಟಿಸಿದರು. ಹೀಗಿರುವಾಗ 250ರ ಮಾತನ್ನು ಮುಂದಿಟ್ಟು ಗಾಡಿ ಮಾರುವುದು, ಅದೂ ಕಾಲೇಜು ಓದುವ ಮಗ ಪಕ್ಕದಲ್ಲೇ ಕುಳಿತಿರುವಾಗ, ಸರಿಯಾದ ಕೆಲಸವಲ್ಲ. ಈ ಗಾಡಿಗಳ ಪೂರ್ಣ ಬಲವನ್ನು ನೋಡಬೇಕೆನ್ನುವವರಿಗೆ ಚೆನ್ನೈ ಅಥವಾ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಇದೆ. ಅಲ್ಲಿ ತರಬೇತುದಾರರ ಜೊತೆಯಲ್ಲಿ ಓಡಿಸಲಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಹಾಗಾದರೆ ಬಲದ ಪ್ರಯೋಜನವೇನು? ಕಬ್ಬಿನ ಹಂಗಾಮಿನಲ್ಲಿ ಬೀದರ್ ಜಿಲ್ಲೆಯ ರಸ್ತೆಗಳಲ್ಲಿ ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಟ್ರೇಲರ್‌ಗಳ ತುಂಬ ಕಬ್ಬು ಹೇರಿಕೊಂಡು, ಹಿಂದೆ ದೀಪವಿಲ್ಲದೆ, ಅರ್ಧ ರಸ್ತೆಯನ್ನು ಆಕ್ರಮಿಸಿಕೊಂಡು ಹೋಗುವ ಟ್ರ್ಯಾಕ್ಟರಿನ ಹಿಂದೆ ಎರಡು ಪಥದ ರಸ್ತೆಯಲ್ಲಿ ಸಿಕ್ಕಿಕೊಂಡಾಗ, ಎದುರಿನ ದಾರಿ ಖಾಲಿಯಾಗಿರುವ ಸಮಯ ಕೆಲವೇ ಸೆಕೆಂಡು. ನಲವತ್ತರಿಂದ ಎಂಬತ್ತಕ್ಕೆ ಗಾಡಿ ಎಷ್ಟು ಬೇಗ ಏರುತ್ತದೆ, ಮತ್ತೆ ಎಷ್ಟು ಬೇಗ ಇಳಿಯುತ್ತದೆ ಎಂಬುದು ಅಲ್ಲಿ ಮುಖ್ಯ. ಆದ್ದರಿಂದ ಅಶ್ವಶಕ್ತಿಗಿಂತ ಟಾರ್ಕಿನ ಬಗ್ಗೆ, ಟಾರ್ಕಿಗಿಂತ ಬ್ರೇಕಿನ ಬಗ್ಗೆ ಹೆಚ್ಚು ಮಾತನಾಡಿ. ಪರ್ಫಾರ್ಮೆನ್ಸ್ ಆವೃತ್ತಿಗೆ ದೊಡ್ಡ ಬ್ರೇಕುಗಳು ಬರುತ್ತವೆ, ಮತ್ತು ಮನೆಯ ಹೆಣ್ಣುಮಕ್ಕಳು ಗಮನವಿಟ್ಟು ಕೇಳುವುದು ಆ ಮಾತನ್ನೇ.

ಐದನೆಯ ಹಂತ: ಗುರುತು ಎಷ್ಟಿರಬೇಕು ಎಂದು ಮೊದಲೇ ಇತ್ಯರ್ಥ ಮಾಡಿಕೊಳ್ಳಿ

ಈಗಿನ ಎಸ್ 63ರಲ್ಲಿ ಬಾನೆಟ್ಟಿನ ಮೇಲೆ ನಿಂತಿರುವ ನಕ್ಷತ್ರವಿಲ್ಲ. ಅಲ್ಲಿ ಎಎಂಜಿ ಲಾಂಛನವಿದೆ, ಮುಂದಿನ ಗ್ರಿಲ್ಲಿನಲ್ಲಿ ನೆಟ್ಟಗೆ ನಿಂತ ಪಟ್ಟಿಗಳಿವೆ. ಎಸ್ ಕ್ಲಾಸ್‌ಗೆ ಆ ಗ್ರಿಲ್ ಬಂದದ್ದು ಇದೇ ಮೊದಲು. ಕೆಲವು ಹಿರಿಯರಿಗೆ ಆ ನಿಂತ ನಕ್ಷತ್ರವೇ ಬೇಕು, ಏಕೆಂದರೆ ಅವರ ಪಾಲಿಗೆ ಮರ್ಸಿಡಿಸ್ ಎಂದರೆ ಅದೇ. ಇದನ್ನು ಬುಕಿಂಗ್ ಆದ ಮೇಲೆ ಅವರು ಕಂಡುಕೊಳ್ಳುವಂತಾಗಬಾರದು. ಫೋಟೋ ತೋರಿಸಿ, ಎರಡೂ ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದು ಬೇಕೆಂದು ಮೊದಲೇ ಕೇಳಿ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ. ಬೀದರ್‌ನ ಬಿದರಿ ಕುಶಲಕರ್ಮಿಗಳು ಸತು ಮತ್ತು ತಾಮ್ರದ ಪಾತ್ರೆಯಲ್ಲಿ ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಮಣ್ಣನ್ನು ಬೆರೆಸಿದ ದ್ರಾವಣದಲ್ಲಿ ಅದ್ದಿದಾಗ, ಲೋಹವೆಲ್ಲ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಬೆಳ್ಳಿ ಕಡಿಮೆಯಿದ್ದ ಕಡೆಯೇ ಕಣ್ಣು ನಿಲ್ಲುತ್ತದೆ. ಈ ಗಾಡಿಗೂ ಕಡು ಬಣ್ಣ, ಸಣ್ಣ ಗುರುತು ಒಪ್ಪುತ್ತವೆ. ಕೆಂಪು ಪಟ್ಟಿ, ದೊಡ್ಡ ಸ್ಪಾಯ್ಲರ್ ಹಚ್ಚಿದ ಡೆಮೊ ಗಾಡಿಯನ್ನು ಮಿಲ್ಲಿನ ಅಂಗಳದಲ್ಲಿ ನಿಲ್ಲಿಸಿದರೆ ಸುತ್ತಲೂ ಹುಡುಗರು ಸೇರುತ್ತಾರೆ. ಕೊಳ್ಳಬೇಕಾದವರು ಒಳಗೆ ಹೋಗಿಬಿಡುತ್ತಾರೆ.

ಆರನೆಯ ಹಂತ: ಬೆಲೆಯನ್ನು ಆನ್ ರೋಡ್ ಲೆಕ್ಕದಲ್ಲೇ ಮಾತನಾಡಿ

ಎಸ್ 63 ಇ ಪರ್ಫಾರ್ಮೆನ್ಸ್ 2024ರ ಮೇ ತಿಂಗಳಿನಲ್ಲಿ ಭಾರತಕ್ಕೆ ಬಂದಾಗ ಅದರ ಎಕ್ಸ್ ಶೋರೂಂ ಬೆಲೆ 3.30 ಕೋಟಿ ರೂಪಾಯಿಯಿಂದ ಆರಂಭವಾಯಿತು. ಪೂರ್ತಿ ಎಲೆಕ್ಟ್ರಿಕ್ ಆದ ಬಿಎಂಡಬ್ಲ್ಯು ಐ7 ಎಂ70, 660 ಅಶ್ವಶಕ್ತಿಯ ಗಾಡಿ, 2023ರ ಅಕ್ಟೋಬರ್‌ನಲ್ಲಿ 2.50 ಕೋಟಿಗೆ ಬಂತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳಿಗೆ ಸೆಸ್ ಇಲ್ಲದ 40 ಪ್ರತಿಶತ ಜಿಎಸ್‌ಟಿ ಜಾರಿಯಾಗಿದೆ, ಎಲೆಕ್ಟ್ರಿಕ್ ಗಾಡಿಗಳಿಗೆ 5 ಪ್ರತಿಶತ ಮುಂದುವರಿದಿದೆ. ಹಾಗಾಗಿ ಆ ದಿನದ ಬೆಲೆಪಟ್ಟಿಯನ್ನು ತೆಗೆದುಕೊಂಡೇ ಗಿರಾಕಿಯ ಬಳಿಗೆ ಹೋಗಬೇಕು. ಇಲ್ಲಿ ಲೆಕ್ಕದ ರೀತಿಯನ್ನು ತೋರಿಸುವುದಕ್ಕೆ ಬಿಡುಗಡೆಯ ಬೆಲೆಯನ್ನೇ ಇಟ್ಟುಕೊಳ್ಳುತ್ತೇನೆ.

ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ 18 ಪ್ರತಿಶತ. 3.30 ಕೋಟಿಯ ಮೇಲೆ ಅದು 59.40 ಲಕ್ಷ ಆಗುತ್ತದೆ, ಅದರ ಮೇಲೆ ಸೆಸ್ ಬೇರೆ. 25 ಲಕ್ಷ ಮೀರಿದ ಎಲೆಕ್ಟ್ರಿಕ್ ಗಾಡಿಗೆ 2024ರಲ್ಲಿ 10 ಪ್ರತಿಶತ ತೆರಿಗೆ ನಿಗದಿಯಾಯಿತು, 2.50 ಕೋಟಿಯ ಮೇಲೆ ಅದು 25 ಲಕ್ಷ. ಹತ್ತು ಲಕ್ಷ ಮೀರಿದ ಯಾವ ಗಾಡಿಗಾದರೂ ಒಂದು ಪ್ರತಿಶತ ಟಿಸಿಎಸ್ (ಮಾರಾಟದ ಸಮಯದಲ್ಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತಾರೆ. ಅದು ಮುಂದೆ ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವ ಹಣ. ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು, ಸಾಧ್ಯವಾದರೆ ಅವರ ಸಿಎ ಅವರ ಎದುರಿನಲ್ಲಿಯೇ ಕೊಡಿ. ನಮ್ಮ ಭಾಗದ ವ್ಯಾಪಾರಿ ಲೆಕ್ಕದಲ್ಲಿ ಗಟ್ಟಿ. ಕೊನೆಯ ದಿನ ಒಂದು ಸಾಲು ಹೆಚ್ಚಾಗಿ ಕಂಡರೆ ಅವರಿಗೆ ಗಾಡಿಯ ಮೇಲಲ್ಲ, ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ.

ಪಕ್ಕದ ರಾಜ್ಯದಲ್ಲಿ ಪಾಸಿಂಗ್ ಮಾಡಿಸಿ ಇಲ್ಲಿ ಓಡಿಸುವ ಸಲಹೆಯನ್ನು ಕೊಡಬೇಡಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿರುವ ಗಾಡಿಗೆ ಇಲ್ಲಿಯ ನೋಂದಣಿ ಆಗಲೇಬೇಕು. ಅದಲ್ಲದೆ, ಕಲಬುರಗಿಯವರಿಗೆ ತಮ್ಮ ಗಾಡಿಯ ಮೇಲೆ ಕೆಎ-32 ಎಂದು ಇರುವುದರಲ್ಲಿ ಒಂದು ಅಭಿಮಾನವಿದೆ, ಬೀದರ್‌ನವರಿಗೆ ಕೆಎ-38ರಲ್ಲಿ, ಯಾದಗಿರಿಯವರಿಗೆ ಕೆಎ-33ರಲ್ಲಿ. ಆ ಅಭಿಮಾನವೂ ಗಾಡಿಯ ಸ್ಥಾನದ ಒಂದು ಭಾಗವೇ.

ಸಾಮಾನ್ಯ ಆವೃತ್ತಿಗಿಂತ ಹೆಚ್ಚಾಗಿ ಕೊಡುವ ಹಣಕ್ಕೆ ಏನು ಸಿಗುತ್ತದೆ ಎಂಬ ಪ್ರಶ್ನೆ ಖಂಡಿತವಾಗಿ ಬರುತ್ತದೆ. ಆಗ ಎಂಜಿನ್ನಿನ ಮಾತಿಗೆ ಹಿಂದಿರುಗದೆ, ಎರಡನೆಯ ಹಂತದಲ್ಲಿ ಅವರೇ ಕೊಟ್ಟ ಉತ್ತರಕ್ಕೆ ಹಿಂದಿರುಗಿ: ತಾವೇ ಓಡಿಸುವುದಕ್ಕೆಂದು ಇಟ್ಟುಕೊಂಡಿರುವ ಎರಡನೆಯ ಗಾಡಿಯ ವಿಮೆ, ಟೈರು, ಸರ್ವಿಸು, ನಿಲ್ಲಿಸುವ ಜಾಗ ಇವುಗಳ ಲೆಕ್ಕವನ್ನು ಅವರೇ ಮಾಡಲಿ.

ಏಳನೆಯ ಹಂತ: ಟೆಸ್ಟ್ ಡ್ರೈವನ್ನು ಹಿಂದಿನ ಸೀಟಿನಿಂದ ಆರಂಭಿಸಿ

ಬಹಳ ಜನ ಇಲ್ಲಿಯೇ ಎಡವುತ್ತಾರೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಡೆಮೊ ಗಾಡಿ ಸಾಮಾನ್ಯವಾಗಿ ದೂರದ ಶೋರೂಮಿನಿಂದ ಟ್ರಕ್ಕಿನ ಮೇಲೆ ಬರುತ್ತದೆ, ಒಂದೆರಡು ದಿನ ಮಾತ್ರ ನಿಮ್ಮ ಕೈಯಲ್ಲಿರುತ್ತದೆ. ಬೇಸಿಗೆಯಾದರೆ ಬೆಳಗಿನ ಆರರಿಂದ ಎಂಟರ ನಡುವೆ ಇಟ್ಟುಕೊಳ್ಳಿ. ಮಧ್ಯಾಹ್ನ ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಯಾರಿಗೂ ಗಾಡಿಯ ಮೇಲೆ ಮನಸ್ಸು ನಿಲ್ಲುವುದಿಲ್ಲ.

ಮೊದಲ ಇಪ್ಪತ್ತು ನಿಮಿಷ ಮಾಲೀಕರು ಹಿಂದೆ, ಎಡಗಡೆಯ ಸೀಟಿನಲ್ಲಿ ಕೂರಲಿ. ಮನೆಯ ಡ್ರೈವರೇ ಓಡಿಸಲಿ, ನೀವು ಅವರ ಪಕ್ಕದಲ್ಲಿರಿ. ಗಾಡಿ ಕಂಫರ್ಟ್ ಮೋಡಿನಲ್ಲಿರಲಿ. ಸೂಪರ್ ಮಾರ್ಕೆಟ್, ಜಗತ್ ವೃತ್ತದ ಕಡೆಯಿಂದ, ಹಂಪುಗಳನ್ನು ದಾಟಿಸಿಕೊಂಡು, ಅವರು ದಿನವೂ ಹೋಗುವ ದಾರಿಯಲ್ಲೇ ಕರೆದೊಯ್ಯಿರಿ. ಎಸ್ 63 ಆದರೆ ಈ ಭಾಗವನ್ನು ಬ್ಯಾಟರಿಯ ಮೇಲೆಯೇ, ಎಂಜಿನ್ ಹಚ್ಚದೆ ದಾಟಬಹುದು, 13.1 ಕಿಲೋವಾಟ್ ಗಂಟೆಯ ಆ ಬ್ಯಾಟರಿಗೆ ಕಂಪನಿ ಹೇಳುವ ದೂರ 33 ಕಿ.ಮೀ. ಊರೊಳಗೆ ಸದ್ದಿಲ್ಲದೆ ಹೋಗುವ ಗಾಡಿಯೇ ಮುಂದೆ ಗುಡುಗುತ್ತದೆ ಎಂಬುದನ್ನು ಬಾಯಿಂದ ಹೇಳಬೇಕಾಗಿಲ್ಲ.

ಈ ಹೊತ್ತಿನಲ್ಲಿ ಕನ್ನಡಿಯಲ್ಲಿ ಮಾಲೀಕರ ಮುಖವನ್ನಲ್ಲ, ಅವರ ಬಲಗೈಯನ್ನು ನೋಡಿ. ಒಮ್ಮೆ ಹಿರಿಯರೊಬ್ಬರು ಗಾಡಿ ಹತ್ತಿದ ಕೂಡಲೇ ನಡುವಿನ ಕೈದಿಂಬಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಜೋರು ಗಾಡಿ ಎಂದು ಮಗ ಹೇಳಿದ್ದನ್ನು ಕೇಳಿಯೇ ಬಂದಿದ್ದರು. ಮೂರನೆಯ ಹಂಪು ದಾಟುವಷ್ಟರಲ್ಲಿ ಹಿಡಿತ ಸಡಿಲವಾಯಿತು. ಅನಂತರ ಆ ಕೈ ಜೇಬಿನಿಂದ ಕನ್ನಡಕವನ್ನು ತೆಗೆದು, ಮಡಿಚಿಟ್ಟಿದ್ದ ಪತ್ರಿಕೆಯನ್ನು ಬಿಡಿಸಿತು. ಅಷ್ಟು ಹೊತ್ತು ನಾನು ಒಂದು ಮಾತನ್ನೂ ಆಡಿರಲಿಲ್ಲ.

ಇನ್ನು ಊರು ದಾಟಿ ಕಮಲಾಪುರದ ಕಡೆಗೆ ಹೆದ್ದಾರಿ ತೆರೆದುಕೊಂಡಾಗ ಗಾಡಿ ನಿಲ್ಲಿಸಿ, ಮಾಲೀಕರನ್ನು ಮುಂದಕ್ಕೆ ಕರೆಯಿರಿ. ಡ್ರೈವರ್ ಹಿಂದೆ ಕೂರಲಿ. ಸೀಟು, ಸ್ಟೀರಿಂಗ್, ಕನ್ನಡಿ ಮೂರನ್ನೂ ಅವರ ಅಳತೆಗೆ ಹೊಂದಿಸಿ ಮೆಮರಿಯಲ್ಲಿ ಕೂಡಿಸಿಡಿ. ಸ್ಪೋರ್ಟ್ ಮೋಡಿಗೆ ಹಾಕಿ ತೋರಿಸಿ, ಆದರೆ ಲಾಂಚ್ ಕಂಟ್ರೋಲ್ ಬೇಡ. ನಿಂತಲ್ಲಿಂದ ಎಗರಿಸುವುದು ಈ ಗಾಡಿಯ ಗುಣವನ್ನು ತೋರಿಸುವುದಿಲ್ಲ, ಹೊಟ್ಟೆ ತೊಳಸುವಂತೆ ಮಾಡುತ್ತದೆ ಅಷ್ಟೇ. ಮುಂದೆ ಒಂದು ಲಾರಿ ಬರುವವರೆಗೆ ಕಾಯಿರಿ. ದಾರಿ ಖಾಲಿಯಿದ್ದಾಗ, ಮಿತಿಯೊಳಗೆ, ಒಂದೇ ಒಂದು ಓವರ್‌ಟೇಕ್ ಸಾಕು. ಅದೇ ಹಿರಿಯರು ಅಂದು ಲಾರಿ ದಾಟಿ ಎಡಕ್ಕೆ ಬಂದ ಮೇಲೆ ಸ್ವಲ್ಪ ದೂರ ಸುಮ್ಮನೆ ಓಡಿಸಿ, "ಗಾಡಿ ಭಾರ ಅದ ಅಂತ ಗೊತ್ತೇ ಆಗಂಗಿಲ್ಲ ನೋಡ್ರಿ" ಎಂದರು. ನಾಲ್ಕೂ ಚಕ್ರಗಳಿಗೆ ಬಲ ಹೋಗುವುದು, ಹಿಂದಿನ ಚಕ್ರಗಳೂ ಸ್ವಲ್ಪ ತಿರುಗುವುದು, ಏರ್ ಸಸ್ಪೆನ್ಷನ್ ಗಾಡಿಯನ್ನು ಓಲಾಡದಂತೆ ಹಿಡಿಯುವುದು, ಇವನ್ನು ವಿವರಿಸುವುದಕ್ಕೆ ಸರಿಯಾದ ಸಮಯ ಅದು. ಮಾತು ಅವರ ಕಡೆಯಿಂದಲೇ ಬಂದಿದೆ.

ಡ್ರೈವರ್ ಬಗ್ಗೆ ಒಂದು ಮಾತು ಸೇರಿಸಬೇಕು. ನಮ್ಮ ಕಡೆ ಒಂದೇ ಮನೆಯಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ಗಾಡಿ ಓಡಿಸಿಕೊಂಡು ಬಂದವರಿದ್ದಾರೆ. ಮಕ್ಕಳನ್ನು ಶಾಲೆಗೆ ಬಿಟ್ಟವರೂ ಅವರೇ, ಮದುವೆಗೆ ಮದುಮಗನನ್ನು ಕರೆದೊಯ್ದವರೂ ಅವರೇ. ಮಾಲೀಕರು ರಾತ್ರಿ ಅವರನ್ನು ಕೇಳಿಯೇ ಕೇಳುತ್ತಾರೆ. ಮಾಲೀಕರು ತಾವೇ ಓಡಿಸುವ ಗಾಡಿ ಎಂದು ನೀವು ಒತ್ತಿ ಒತ್ತಿ ಹೇಳಿದರೆ, ತಮ್ಮ ಕೆಲಸಕ್ಕೆ ಕುತ್ತು ಬಂತೇನೋ ಎಂದು ಅವರಿಗೆ ಅನ್ನಿಸುವುದು ಸಹಜ. ಆದ್ದರಿಂದ ಅವರನ್ನು ಅಣ್ಣಾರ ಎಂದು ಕರೆದು, ಚಾರ್ಜಿಂಗ್, ಟೈರಿನ ಗಾಳಿ, ಮೋಡುಗಳು, ಗಾಡಿಯನ್ನು ಎತ್ತರಿಸುವ ಗುಂಡಿ ಎಲ್ಲವನ್ನೂ ಅವರಿಗೆ ಮೊದಲು ಕಲಿಸಿ. ಈ ಗಾಡಿಯನ್ನು ಸುರಕ್ಷಿತವಾಗಿ ಇಡುವವರು ಅವರೇ.

ಎಂಟನೆಯ ಹಂತ: ಕೊರತೆಗಳನ್ನು ಮೊದಲು ನೀವೇ ಹೇಳಿ

ಎಸ್ 63ರಂತೆ ಪೆಟ್ರೋಲ್ ಎಂಜಿನ್ ಜೊತೆಗೆ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್ ಇನ್ ಹೈಬ್ರಿಡ್ ಗಾಡಿಯಲ್ಲಿ ಬ್ಯಾಟರಿ ಹಿಂಬದಿಯಲ್ಲಿ ಕೂರುವುದರಿಂದ ಡಿಕ್ಕಿ ಚಿಕ್ಕದಾಗುತ್ತದೆ. ತಿರುಪತಿಗೋ ಮದುವೆಗೋ ಹೋಗುವ ಕುಟುಂಬಕ್ಕೆ ಇದು ಸಣ್ಣ ವಿಷಯವಲ್ಲ. ಮನೆಯವರದೇ ಎರಡು ದೊಡ್ಡ ಸೂಟ್‌ಕೇಸುಗಳನ್ನು ತರಿಸಿ, ಡಿಕ್ಕಿಯಲ್ಲಿಟ್ಟು, ಮುಚ್ಚಿ ತೋರಿಸಿ. ಸ್ಟೆಪ್ನಿ ಇದೆಯೋ ಇಲ್ಲವೋ ಎಂಬುದನ್ನೂ ಆಗಲೇ ಹೇಳಿ. ಟೈರಿನ ಅಂಚು ತೆಳ್ಳಗಿರುವುದರಿಂದ, ಫರ್ಸಿ ಕಲ್ಲು ಹೇರಿದ ಲಾರಿಗಳು ಓಡಾಡಿ ಕಿತ್ತುಹೋದ ಶಹಾಬಾದ್ ಕಡೆಯ ರಸ್ತೆಗಳಲ್ಲಿ ಅಲಾಯ್ ಚಕ್ರಕ್ಕೆ ಪೆಟ್ಟು ಬೀಳುತ್ತದೆ. ಟೈರ್ ಮತ್ತು ಅಲಾಯ್‌ಗೆ ಪ್ರತ್ಯೇಕ ರಕ್ಷಣೆ ಇರುವ ವಿಮೆಯನ್ನು ಸೇರಿಸಲು ಹೇಳಿ. ಪೆಟ್ರೋಲ್ ಮುಚ್ಚಳದ ಒಳಗೆ ಬರೆದಿರುವ ಆಕ್ಟೇನ್ ಅಂಕಿಯನ್ನು ಡ್ರೈವರಿಗೆ ಓದಿಸಿ, ಆ ಪೆಟ್ರೋಲ್ ನಿಮ್ಮ ಊರಿನ ಯಾವ ಬಂಕಿನಲ್ಲಿ ಸಿಗುತ್ತದೆ ಎಂಬುದನ್ನು ನೀವೇ ಹೋಗಿ ನೋಡಿಕೊಂಡು ಬನ್ನಿ.

ಎಲೆಕ್ಟ್ರಿಕ್ ಗಾಡಿಯಾದರೆ ದೂರದ ಮಾತು ಬರುತ್ತದೆ. ಐ7 ಎಂ70ಕ್ಕೆ ಕಂಪನಿ ಹೇಳುವ ದೂರ ಒಂದು ಚಾರ್ಜಿಗೆ 500 ಕಿ.ಮೀ. ಆಸುಪಾಸಿನದು. ಕಲಬುರಗಿಯಿಂದ ಹೈದರಾಬಾದ್ ಹೋಗಿಬರುವುದೆಂದರೆ 450 ಕಿ.ಮೀ. ಆಗುತ್ತದೆ. ಬಿಸಿಲು, ಎಸಿ, ಹೆದ್ದಾರಿಯ ವೇಗ ಇವುಗಳ ನಡುವೆ ಚಾರ್ಜ್ ಮಾಡದೆ ಹಿಂದಿರುಗಬಹುದೆಂದು ಭರವಸೆ ಕೊಡಬೇಡಿ. ಹೈದರಾಬಾದಿನಲ್ಲಿ ಗಾಡಿ ನಿಲ್ಲುವ ಕಡೆ ಚಾರ್ಜರ್ ಇದೆಯೇ ಎಂದು ವಿಚಾರಿಸಿ. ಬೀದರ್‌ನವರಿಗೆ ಅದೇ ಪ್ರಯಾಣ 280ರ ಸುಮಾರಿಗೆ ಮುಗಿಯುವುದರಿಂದ ಅವರಿಗೆ ಈ ಗಾಡಿ ಹೆಚ್ಚು ಹೊಂದುತ್ತದೆ. ಒಂದೇ ಗಾಡಿಯ ಸ್ಥಾನ ನೂರು ಕಿಲೋಮೀಟರ್ ಅಂತರದಲ್ಲಿ ಬದಲಾಗುವುದು ಹೀಗೆ.

ಒಂಬತ್ತನೆಯ ಹಂತ: ಮೊದಲ ಸರ್ವಿಸಿನ ದಿನ ನಿಮ್ಮ ವಾಕ್ಯವನ್ನು ಮತ್ತೆ ಓದಿ

ಗಾಡಿ ಕೊಟ್ಟ ಮೇಲೆ ಕೆಲಸ ಮುಗಿಯಿತೆಂದು ಡೈರಿಯನ್ನು ಮುಚ್ಚಬೇಡಿ. ಮೊದಲ ಸರ್ವಿಸಿಗೆ ಗಾಡಿ ಹೋಗುವ ದಿನ, ಮಾಲೀಕರ ಒಪ್ಪಿಗೆ ಪಡೆದು, ಜೊತೆಯಲ್ಲಿ ಹೋಗಿ. ಎಷ್ಟು ಕಿಲೋಮೀಟರ್ ಓಡಿದೆ, ಹಿಂದಿನ ಟೈರುಗಳು ಎಷ್ಟು ಸವೆದಿವೆ, ಹಿಂದಿನ ಸೀಟಿನ ಚರ್ಮದ ಮೇಲೆ ಗೆರೆ ಬಿದ್ದಿದೆಯೇ ಎಂದು ನೋಡಿ. ಅನಂತರ ಚಾಲಕನ ಸೀಟಿನ ಮೆಮರಿಯ ಎರಡು ಗುಂಡಿಗಳನ್ನು ಒಂದಾದ ಮೇಲೊಂದು ಒತ್ತಿ. ಒಂದರಲ್ಲಿ ಡ್ರೈವರ್ ಅಣ್ಣನ ಅಳತೆ, ಇನ್ನೊಂದರಲ್ಲಿ ಮಾಲೀಕರ ಅಳತೆ ಇದ್ದರೆ, ನೀವು ಬರೆದುಕೊಂಡ ವಾಕ್ಯ ಸರಿಯಾಗಿತ್ತು. ಸೀಟು ಎರಡು ಗುಂಡಿಗೂ ಒಂದೇ ಕಡೆ ನಿಂತರೆ, ಅಲ್ಲಿಯೇ ಡೈರಿ ತೆಗೆದು, ಆ ಮನೆಯ ಹೆಸರಿನ ಮುಂದೆ ಯಾವ ಸೀಟು ಎಂದು ತಿದ್ದಿ ಬರೆದುಕೊಳ್ಳಿ.